ಆಜಿ ಊರು ಬಿಡುವಂತಿಲ್ಲ

ಗ್ರಿಫಿತ್
8 ಮಾರ್ಚ್ 2022

ಮೊಮ್ಮಗಳು ಶೈಲೇಶ್ನಿಗೆ ನಿನ್ನ ಆಜಿಯ ಆಶೀರ್ವಾದ. ಕೋಪ ಕೆಳಗಿದೆ, ಓದುತ್ತಾ ಹೋಗು.

ಭಾನುವಾರ ನೀನು ಫೋನಿನಲ್ಲಿ ಅಳುತ್ತಿದ್ದಾಗ ನಾನು ನಡುವೆಯೇ ಇಟ್ಟುಬಿಟ್ಟೆ. ಕಿವಿಯ ಮಿಷನ್ ಸಿಳ್ಳೆ ಹೊಡೆಯಿತು ಅಂತ ನಿನ್ನ ಕಾಕಾನಿಗೆ ಹೇಳಿದೆ. ಸಿಳ್ಳೆ ಹೊಡೆದದ್ದು ನಿಜ, ಇಟ್ಟದ್ದು ಅದಕ್ಕಲ್ಲ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಕಿರುಚುತ್ತೇನೆ, ನಿನ್ನ ಕಾಕಿ ಕುಸುಮ್ ಪಾತ್ರೆ ತೊಳೆಯುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ. ಇನ್ನು ಮೇಲೆ ಈ ವಿಷಯ ಕಾಗದದಲ್ಲಿ. ಫಿಜಿಯ ರಾಕಿರಾಕಿಯ ಶಾಲೆಯಲ್ಲಿ ಮಾಸ್ತರರು ನಾಲ್ಕು ವರ್ಷ ನನ್ನ ಕಿವಿ ಹಿಂಡಿ ಅಕ್ಷರ ಕಲಿಸಿದ್ದು ಬರೀ ಹಿಟ್ಟಿನ ಡಬ್ಬಿಯ ಮೇಲೆ ಹೆಸರು ಬರೆಯಲಿಕ್ಕೆ ಅಲ್ಲವಷ್ಟೆ.

ನನಗೆ ಅರ್ಥವಾದದ್ದು ಇಷ್ಟು. ನಿನ್ನ ವೀಸಾ ನವೆಂಬರಿಗೆ ಮುಗಿಯುತ್ತದೆ. ನೀನು ಬೆಸುಗೆ ಹಾಕುವ ವರ್ಕ್‌ಶಾಪಿನ ಯಜಮಾನ ನಿನ್ನ ಕೈಕೆಲಸವನ್ನು ಬಾಯಿತುಂಬ ಹೊಗಳುತ್ತಾನೆ, ನಿನಗಾಗಿ ಒಂದು ಕಾಗದ ಮಾತ್ರ ಬರೆದುಕೊಡುವುದಿಲ್ಲ. ಉಳಿದದ್ದು ಎರಡು ದಾರಿ. ಸಿಡ್ನಿಯಲ್ಲೇ ಇದ್ದು, ಸರ್ಕಾರ ಎಂದಾದರೂ ಕರೆಯುತ್ತದೆ ಎಂದು ಸಾಲಿನಲ್ಲಿ ಕಾಯುವುದು. ಕರೆಯದಿದ್ದರೆ ಫಿಜಿಗೆ ವಾಪಸು. ಇಲ್ಲದಿದ್ದರೆ, ದೊಡ್ಡ ನಗರ ಬಿಟ್ಟು ನಮ್ಮ ಗ್ರಿಫಿತ್‌ನಂಥ ಸಣ್ಣ ಊರಿನಲ್ಲಿ ಮೂರು ವರ್ಷ ಇದ್ದು ದುಡಿಯುತ್ತೇನೆ ಎಂದು ಒಪ್ಪಿಕೊಳ್ಳುವುದು. ಮೂರು ವರ್ಷವಾದ ಮೇಲೆ ಕಾಯಂ ಕಾಗದ. ಈ ಎರಡನೆಯದಕ್ಕೆ, ಇಂಥ ಊರಿನಲ್ಲಿ ನೆಲೆಸಿರುವ ಸ್ವಂತದವರೊಬ್ಬರು ಸ್ಪಾನ್ಸರ್ ಎಂದು ರುಜು ಹಾಕಬೇಕು. ನಿನ್ನ ಕಾಕಾ ಒಲ್ಲೆ ಅಂದ, ಅವನಿಗೆ ಸಿಡ್ನಿಗೆ ಹೋಗುವ ಕನಸು. ಆರು ವರ್ಷದಿಂದ ಅದೇ ಕನಸು. ಇನ್ನುಳಿದವಳು ನಾನು.

ನಾನು ಹಾಕುವುದಿಲ್ಲ.

ಯಾಕೆಂದರೆ ಕೇಳು. ನನ್ನ ಆಜಿ ಜನಕಿಯಾ ಉತ್ತರ ಹಿಂದೂಸ್ತಾನದ ಬಸ್ತಿ ಜಿಲ್ಲೆಯ ಹುಡುಗಿ, ಹದಿನಾರು ವಯಸ್ಸು. ಹಡಗಿಗೆ ಆಳು ಹಿಡಿದುಕೊಡುವ ದಳ್ಳಾಳಿಯ ಎದುರಿಗೆ ಅವಳನ್ನು ಕೂರಿಸಿದ್ದು ಕಳ್ಳಕಾಕರಲ್ಲ, ಅವಳ ಸ್ವಂತ ಚಿಕ್ಕಮ್ಮ. "ಹತ್ರಾನೇ ಕಣೇ, ಕಲ್ಕತ್ತಾ ದಾಟಿದ್ರೆ ಬಂತು. ಐದೇ ವರ್ಷ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗೀತದೆ" ಅಂದಳಂತೆ. ಅಂದು, ಹುಡುಗಿಯ ಹೆಬ್ಬೆರಳು ಹಿಡಿದು ತಾನೇ ಕಾಗದಕ್ಕೆ ಒತ್ತಿದಳಂತೆ. ಆ ಕರಾರಿಗೆ ನಮ್ಮವರು ಗಿರ್ಮಿಟ್ ಅನ್ನುತ್ತಾರೆ, ನಿನಗೆ ಗೊತ್ತು. ಫಿಜಿಯ ಕಬ್ಬಿನ ಎಸ್ಟೇಟಿನ ಗಡಿ ದಾಟಬೇಕಾದರೆ ದೊರೆ ಬರೆದುಕೊಟ್ಟ ಪಾಸು ಬೇಕು. ಪಾಸಿಲ್ಲದೆ ಹೊಳೆಯಾಚೆ ಸಿಕ್ಕಿಬಿದ್ದರೆ ಐದು ವರ್ಷಕ್ಕೆ ಇನ್ನಷ್ಟು ದಿನ ಸೇರಿಸುತ್ತಿದ್ದರು. ನನ್ನ ಆಜಿ ಸಾಯುವವರೆಗೂ ಸಂಜೆ ದೀಪ ಹಚ್ಚಿದ ಮೇಲೆ ಮೊದಲು ಹೇಳುತ್ತಿದ್ದದ್ದು ದೇವರ ಹೆಸರಲ್ಲ. "ಆ ಕೈಗೆ ಹುಳ ಬೀಳ" ಎಂದು. ಚಿಕ್ಕಮ್ಮನಿಗಲ್ಲ, ಕೈಗೆ.

ನೀನೀಗ ನನ್ನ ಕೈ ಕೇಳುತ್ತಿದ್ದೀಯ. ಮೂರು ವರ್ಷ ಅಂದಿದ್ದಾರೆ ಅನ್ನುತ್ತೀಯ. ನಮ್ಮ ಮನೆತನಕ್ಕೆ ವರ್ಷದ ಲೆಕ್ಕ ಹೇಳಿದವರು ಯಾರೂ ಆ ಲೆಕ್ಕಕ್ಕೆ ನಿಂತದ್ದಿಲ್ಲ ಮಗಳೇ.

ಊಟ ಸರಿಯಾಗಿ ಮಾಡು. ಟಿನ್ನಿನ ಮೀನು ತಿಂದುಕೊಂಡು ಬದುಕಬೇಡ.

ನಿನ್ನ ಆಜಿ
ಫೂಲ್ಮತಿ


ಲಿವರ್‌ಪೂಲ್, ಸಿಡ್ನಿ
14 ಮಾರ್ಚ್ 2022

ಆಜಿ, ನಮಸ್ಕಾರ.

ನಿನ್ನ ಪತ್ರವನ್ನು ವರ್ಕ್‌ಶಾಪಿನ ಹಿಂದೆ ಕೂತು ಓದಿದೆ. ಮನೆಯಲ್ಲಿ ಓದಿದರೆ ಜೊತೆಯ ಹುಡುಗಿಯರು ಏನಾಯಿತು ಅನ್ನುತ್ತಾರೆ.

ನನಗೆ ಹೆದರಿಕೆಯಾಗುತ್ತಿದೆ ಆಜಿ. ನಾನು ಯಾವ ತಪ್ಪೂ ಮಾಡಿಲ್ಲ, ಎಲ್ಲ ಕಾಗದವೂ ಸರಿಯಾಗಿದೆ. ಆದರೂ ಟೈ ಕಟ್ಟಿದವರು ಯಾರಾದರೂ ವರ್ಕ್‌ಶಾಪಿನೊಳಗೆ ಬಂದರೆ, ಬೆಸುಗೆ ಹಚ್ಚಿರದಿದ್ದರೂ ಹೆಲ್ಮೆಟ್ಟಿನ ಕಪ್ಪು ಗಾಜು ಕೆಳಗೆ ಎಳೆದುಕೊಳ್ಳುತ್ತೇನೆ. ಒಳಗೆ ಪೂರಾ ಕತ್ತಲೆ. ಅವರು ಹೋಗುವವರೆಗೆ ಆ ಕತ್ತಲೆಯಲ್ಲಿ ನಿಂತಿರುತ್ತೇನೆ. ಹೋದ ತಿಂಗಳು ಮೊಣಕೈ ಸುಟ್ಟುಕೊಂಡೆ, ಯಾರಿಗೂ ಹೇಳಲಿಲ್ಲ.

ಜೂನ್ ಹತ್ತೊಂಬತ್ತಕ್ಕೆ ನನಗೆ ಮೂವತ್ತಮೂರು ತುಂಬುತ್ತದೆ. ಆ ವಯಸ್ಸು ಮುಟ್ಟಿದರೆ ವೀಸಾಕ್ಕೆ ಸರ್ಕಾರ ಕೊಡುವ ಅಂಕ ಇಳಿಯುತ್ತದೆ, ಆಮೇಲೆ ಯಾರೂ ಕರೆಯುವುದಿಲ್ಲ. ಫಿಜಿಯಲ್ಲಿ ನನಗೆ ಏನಿದೆ? ಅಪ್ಪ ಇಲ್ಲ. ಮನೆಯನ್ನು ಚಂಡಮಾರುತ ಒಯ್ಯಿತು. ಅಮ್ಮ ಮಾವನ ಮನೆಯ ಹಜಾರದಲ್ಲಿ ಮಲಗುತ್ತಾಳೆ. ನಾನು ಹೋದರೆ ಆ ಹಜಾರಕ್ಕೆ ಇನ್ನೊಂದು ಚಾಪೆ.

ಒಂದೇ ಮಾತು ಹೇಳುತ್ತೇನೆ, ಬೈಯಬೇಡ. ಆ ಚಿಕ್ಕಮ್ಮ ಹುಡುಗಿಯನ್ನು ಕಳಿಸಿ ತಾನು ಊರಿನಲ್ಲೇ ಉಳಿದಳು. ನೀನು ನನ್ನನ್ನು ಎಲ್ಲಿಗೂ ಕಳಿಸುತ್ತಿಲ್ಲ. ನೀನಿರುವಲ್ಲಿಗೆ ಕರೆಯುತ್ತಿದ್ದೀಯ.

ಶೈಲೇಶ್ನಿ


ಗ್ರಿಫಿತ್
2 ಏಪ್ರಿಲ್ 2022

ಶೈಲೂ,

ರುಜು ಹಾಕಿದೆ. ಕುಣಿಯಬೇಡ, ಪೂರ್ತಿ ಓದು.

ಬುಧವಾರ ನಿನ್ನ ಕಾಕಾ ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋದ. ಅಲ್ಲಿ ಕಾಗದಗಳಿಗೆ ಸಾಕ್ಷಿ ಹಾಕುವ ಒಬ್ಬ ಮುದುಕಪ್ಪ ಮೇಜು ಹಾಕಿಕೊಂಡು ಕೂತಿರುತ್ತಾನೆ. ನಾನು ಈ ದೇಶದ ಪ್ರಜೆಯೆಂಬ ಸರ್ಟಿಫಿಕೇಟು ತಿರುಗಿಸಿ ಮುರುಗಿಸಿ ನೋಡಿದ.

"ಇಲ್ಲಿ ಸಹಿ ಮಾಡಿ ಅಮ್ಮಾ. ನಿಧಾನ ಮಾಡಿ, ಅವಸರ ಇಲ್ಲ."

"ನಿಧಾನಾನೇ ಮಾಡಿದೀನಪ್ಪ, ಎಪ್ಪತ್ತೊಂಬತ್ತು ವರ್ಷ" ಅಂದೆ.

ಪೆನ್ನು ಹಿಡಿದರೆ ಕೈ ನಡುಗಿತು. ಮುದುಕಪ್ಪ ಒಳ್ಳೆಯವನು, "ಬೇಕಾದ್ರೆ ನಿಮ್ಮ ಮಗ ಸ್ವಲ್ಪ ಕೈ ಹಿಡ್ಕೊಳ್ಲಿ" ಅಂದ. ಸುರೇನ್ ಕೈ ಚಾಚಿಯೂಬಿಟ್ಟ.

"ಮುಟ್ಟಿದ್ರೆ ನೋಡು! ನನ್ನ ಕೈಯನ್ನ ಯಾರೂ ಹಿಡಿಯೋ ಹಾಗಿಲ್ಲ" ಅಂದೆ. ಪುಸ್ತಕ ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ನೋಡಲಿ. ಹೆಸರು ಪೂರ್ತಿಯಾಗಲು ಎಷ್ಟು ಹೊತ್ತಾಯಿತೋ ದೇವರಿಗೆ ಗೊತ್ತು, ಆದರೆ ಅಕ್ಷರ ಅಕ್ಷರವೂ ನನ್ನದು.

ಆಮೇಲೆ ಕೇಳಿದೆ, "ಅವಳಿಗೆ ಕಟ್ಟಳೆ ಇದೆ ಸರಿ. ರುಜು ಹಾಕಿದವಳಿಗೆ ಏನು ಕಟ್ಟಳೆ?" ಸುರೇನ್ ಓದಿ ಹೇಳಿದ: "ಅವಳ ವೀಸಾ ಕಾಗದ ಕೈಗೆ ಬರೋವರ್ಗೂ ನೀನು ಈ ಊರಲ್ಲೇ ವಾಸ ಇರ್ಬೇಕು, ಅಷ್ಟೇ."

ಅಷ್ಟೇ ಅಲ್ಲ ಮಗಳೇ, ನನಗೆ ಅದೇ ಎಲ್ಲ. ಆ ಚಿಕ್ಕಮ್ಮ ಹುಡುಗಿಯ ಕಾಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ತನ್ನ ಕಾಲಿಗೂ ಕಟ್ಟಿಕೊಂಡಿದ್ದರೆ ನನ್ನ ಆಜಿ ಶಾಪ ಹಾಕುತ್ತಿರಲಿಲ್ಲ. ನಾನು ಕಟ್ಟಿಕೊಂಡಿದ್ದೇನೆ. ಇದನ್ನು ನೆನಪಿಟ್ಟುಕೋ, ಎಂದಾದರೂ ನನ್ನ ಕೈಗೆ ಹುಳ ಬೀಳಲಿ ಅನ್ನಬೇಕೆನ್ನಿಸಿದಾಗ.

ಮೊಣಕೈಗೆ ಏನು ಹಚ್ಚಿದೆ? ಬರೆ.

ಆಜಿ


ಗ್ರಿಫಿತ್
24 ಜುಲೈ 2022

ಶೈಲೂ,

ಹುಟ್ಟುಹಬ್ಬಕ್ಕೆ ಹತ್ತು ದಿನ ಮುಂಚೆ ಸರ್ಕಾರದ ಕರೆ ಬಂತು, ಅರ್ಜಿ ಹಾಕಿದೆ ಎಂದು ನೀನು ಬರೆದದ್ದು ಮುಟ್ಟಿತು. ಒಳ್ಳೆಯದಾಯಿತು. ಇಲ್ಲಿಯ ಸುದ್ದಿ ಬೇರೆ.

ನಿನ್ನ ಕಾಕಾನ ಕನಸು ನನಸಾಗಿಬಿಟ್ಟಿದೆ. ಸಿಡ್ನಿಯಲ್ಲಿ ಬಸ್ಸು ಓಡಿಸುವ ಕೆಲಸ ಸಿಕ್ಕಿತು, ಕುಸುಮಳ ತಂಗಿ ಬಾಡಿಗೆ ಮನೆ ಹುಡುಕಿದಳು, ಈ ಮನೆ ಮಾರಾಟವಾಯಿತು. ಅಲ್ಲಿ ನನ್ನ ಹಾಸಿಗೆ ಎಲ್ಲಿ ಹಾಕಬೇಕೆಂದೂ ತೀರ್ಮಾನವಾಗಿದೆ, ಕಿಟಕಿಯ ಪಕ್ಕವಂತೆ. ನನಗೆ ಹೇಳಿದ್ದು ಎಲ್ಲರಿಗಿಂತ ಕೊನೆಗೆ.

"ನಾನು ಬರಲ್ಲ" ಅಂದೆ.

"ಅಮ್ಮಾ, ತಮಾಷೆ ಬೇಡ."

"ಆ ಹುಡುಗಿ ಕಾಗದ ಬರೋವರ್ಗೂ ನಾನು ಇಲ್ಲೇ ಇರ್ಬೇಕು ಅಂತ ಓದಿ ಹೇಳ್ದೋರು ಯಾರು? ನಿಮ್ಮಪ್ಪ ಎದ್ದು ಬಂದು ಹೇಳಿದ್ರಾ?"

"ಒಬ್ಳೇ ಹೆಂಗಿರ್ತೀಯ?"

"ಗೂಟ ಹೆಂಗಿರುತ್ತೆ? ನೆಟ್ಟ ಕಡೆ ಇರುತ್ತೆ."

ಒಲೆಯ ಮುಂದಿದ್ದ ಕುಸುಮ್ ಸೌಟು ಕುಕ್ಕಿದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ, ಒಂದ್ಮಾತು ಹೇಳ್ತೀನಿ. ನೀವಿಲ್ಲಿ ಒಬ್ರೇ ಬಿದ್ದುಗಿದ್ದು ಹೋಗ್ಬಿಟ್ರೆ ಅವಳ ಅರ್ಜೀನೂ ನಿಮ್ಮ ಹಿಂದೇನೇ ಹೋಯ್ತು. ಸ್ಪಾನ್ಸರ್ರೇ ಇಲ್ಲ ಅಂದ್ಮೇಲೆ ವೀಸಾ ಎಲ್ಲಿಂದ ಬರ್ಬೇಕು?"

ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ನೀನೂ ಹೇಳಿರಲಿಲ್ಲ. ಗೊತ್ತಿತ್ತು, ಅಲ್ಲವೆ? ಹೇಳದೆ ಇದ್ದದ್ದಕ್ಕೆ ಬೈಯುವುದಿಲ್ಲ. ಆದರೆ ಅವತ್ತು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಎದ್ದೆ.

ನಾನೀಗ ಕಾಲುವೆ ರಸ್ತೆಯ ರೊಸೀನಾಳ ಹಿಂದಿನ ಕೋಣೆಯಲ್ಲಿದ್ದೇನೆ. ಇಟಲಿಯವಳು, ಎಂಬತ್ತೆರಡು, ಗಂಡ ಸತ್ತು ಹದಿನಾಲ್ಕು ವರ್ಷ, ಟೊಮೇಟೊ ಬೇಯಿಸಿ ಬಾಟಲಿಗೆ ತುಂಬುವುದೇ ಅವಳ ಪೂಜೆ. ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಇಬ್ಬರೂ ಸೇರಿದರೆ ನಾಲ್ಕು ಕಾಲಾಗುತ್ತದೆ. ಮೊದಲನೆಯ ದಿನವೇ ಕೇಳಿದಳು, "ನೀನು ಇಡೀ ದಿನ ಹಿಂಗೇ ಮಾತಾಡ್ತಾ ಇರ್ತೀಯಾ?"

"ನಿಂಗೆ ಕಿವಿ ಕೇಳ್ಸುತ್ತಾ?"

"ಅಷ್ಟಾಗಿ ಇಲ್ಲ."

"ಮತ್ತೆ ನಿಂಗೇನು ತೊಂದ್ರೆ?"

ಅಂದಿನಿಂದ ಸ್ನೇಹ.

ಈ ಮನೆಯ ವಿಳಾಸವನ್ನು ಸರ್ಕಾರಕ್ಕೆ ತಿಳಿಸಲು ನಿನ್ನ ವೀಸಾ ಏಜೆಂಟನಿಗೆ ಹೇಳು. ಊರು ಅದೇ, ರಸ್ತೆ ಮಾತ್ರ ಬೇರೆ ಎಂದು ದಪ್ಪ ಅಕ್ಷರದಲ್ಲಿ ಬರೆಯಲಿ.

ಆಜಿ


ಲಿವರ್‌ಪೂಲ್
21 ಆಗಸ್ಟ್ 2022

ಆಜಿ,

ವಿಳಾಸ ತಿಳಿಸಿದ್ದಾಯಿತು. ತೀರ್ಮಾನವಾಗುವವರೆಗೆ ಇಲ್ಲೇ ಇದ್ದು ಕೆಲಸ ಮಾಡಲು ತಾತ್ಕಾಲಿಕ ಕಾಗದವೂ ಕೊಟ್ಟಿದ್ದಾರೆ. ಎಷ್ಟು ತಿಂಗಳು ಅಂತ ಕೇಳಿದರೆ ಏಜೆಂಟ್ ಭುಜ ಹಾರಿಸುತ್ತಾನೆ. ಒಂದು ವರ್ಷವೂ ಆಗಬಹುದಂತೆ.

ಕಾಕಾ ಮೊನ್ನೆ ದಾಲೊ ಗೆಡ್ಡೆ ತಂದುಕೊಟ್ಟ. ಮನೆ ಖಾಲಿ ಮಾಡಿದ ದಿನ ನಿನಗೆ ತಲೆ ಸುತ್ತು ಬಂದು ಬಾಗಿಲು ಹಿಡಿದು ಕೂತೆಯಂತೆ. ನಿನ್ನ ಪತ್ರದಲ್ಲಿ ಅದು ಇರಲಿಲ್ಲ. ಡಾಕ್ಟರರಿಗೆ ತೋರಿಸಿದೆಯಾ?

ಕುಸುಮ್ ಕಾಕಿ ಹೇಳಿದ ಮಾತು ನನಗೆ ಗೊತ್ತಿತ್ತು ಆಜಿ. ಮಾರ್ಚಿನಿಂದಲೇ ಗೊತ್ತಿತ್ತು. ಅವತ್ತಿನಿಂದ ನೀನು ಚೆನ್ನಾಗಿರಲಿ ಎಂದು ದೇವರನ್ನು ಬೇಡುವಾಗೆಲ್ಲ, ಯಾರಿಗಾಗಿ ಬೇಡುತ್ತಿದ್ದೇನೆ ಎಂದು ನನಗೇ ತಿಳಿಯುವುದಿಲ್ಲ.

ಶೈಲೇಶ್ನಿ


ಗ್ರಿಫಿತ್
30 ಅಕ್ಟೋಬರ್ 2022

ಶೈಲೂ,

ಯಾರಿಗಾಗಿ ಬೇಡಿದರೂ ಫಲ ಒಂದೇ. ಬೇಡುತ್ತಿರು. ಡಾಕ್ಟರಮ್ಮನಿಗೆ ತೋರಿಸಿದೆ, ಏನೋ ಚೀಟಿ ಕೊಟ್ಟಿದ್ದಾಳೆ, ಭದ್ರವಾಗಿದೆ.

ದೀಪಾವಳಿಗೆ ನಿನ್ನ ಕಾಕಾ ಕಾರು ತಂದಿದ್ದ. "ಎರಡೇ ದಿನ ಅಮ್ಮಾ. ದೀಪ ಹಚ್ಚಿ, ಸಿಹಿ ತಿಂದು ವಾಪಸ್." ಹೊಸ ಸೀರೆ ತಂದಿದ್ದ, ನನಗೂ ಆಸೆಯಾಯಿತು. ನಿನ್ನನ್ನು ನೋಡಬಹುದು ಅಂತ. ಕೂತೆ.

ಕಿತ್ತಳೆ ತೋಟಗಳು ಮುಗಿದವು. ದೊಡ್ಡ ಕಾಲುವೆಯ ಸೇತುವೆ ಬಂತು. ಅದರಾಚೆಗೆ ಊರು ಮುಗಿಯಿತೆಂಬ ಬೋರ್ಡು. ಕಣ್ಣೆದುರಿಗೆ ಬಂದದ್ದು ಕಾಲುವೆಯಲ್ಲ, ರಾಕಿರಾಕಿಯ ಹೊಳೆ. ಗಿರ್ಮಿಟ್ ಮುಗಿದು ನಲವತ್ತು ವರ್ಷವಾದ ಮೇಲೂ ನನ್ನ ಆಜಿ ಆ ಹೊಳೆಯ ಸೇತುವೆ ದಾಟುವಾಗ ಒಂದು ಮಡಿಚಿದ ಕಾಗದವನ್ನು ಕುಪ್ಪಸದೊಳಗೆ ತುರುಕಿಕೊಳ್ಳುತ್ತಿದ್ದಳು. ಏನದು ಅಂದರೆ "ಪಾಸು" ಅನ್ನುತ್ತಿದ್ದಳು. ನಾವು ಮಕ್ಕಳು ನಗುತ್ತಿದ್ದೆವು.

"ಗಾಡಿ ನಿಲ್ಸು!" ಅಂದೆ.

"ಏನಾಯ್ತು? ಎದೆ ನೋವಾ?"

"ನಿಲ್ಸು ಅಂದ್ರೆ ನಿಲ್ಸು! ನನ್ನ ಹತ್ರ ಪಾಸಿಲ್ಲ!"

ಸುರೇನ್ ರಸ್ತೆಯ ಬದಿಗೆ ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತು ಕೂತ. "ಅಮ್ಮಾ, ಯಾರು ಕೇಳ್ತಾರೆ ಪಾಸು? ಯಾವ ಕಾಲದಲ್ಲಿದೀಯ?"

"ನಾನು ಈ ಊರಲ್ಲೇ ಇರ್ತೀನಿ ಅಂತ ಬರ್ಕೊಟ್ಟಿದೀನಿ. ಎರಡು ದಿನ ಇಲ್ಲ ಅಂತ ಯಾವನಾದ್ರೂ ಬರೆದು ಹಾಕಿದ್ರೆ? ಆ ಎರಡು ದಿನಕ್ಕೆ ಅವಳಿಗೆ ಎಷ್ಟು ದಿನ ಸೇರಿಸ್ತಾರೆ, ನೀನು ಬಲ್ಲೆಯಾ?"

ತಿರುಗಿಸಿದ. ರೊಸೀನಾಳ ಅಂಗಳದಲ್ಲಿ ಹದಿಮೂರು ದೀಪ ಹಚ್ಚಿದೆವು. ಅವಳು ಪ್ರತಿ ದೀಪಕ್ಕೂ ಶಿಲುಬೆಯ ಗುರುತು ಮಾಡಿದಳು. ಮಾಡಲಿ, ಎಣ್ಣೆ ನನ್ನದು.

ಆಜಿ


ಸಿಡ್ನಿ
3 ನವೆಂಬರ್ 2022

ಶೈಲೇಶ್ನಿ,

ನಿನಗೆ ಫೋನ್ ಮಾಡಿದರೆ ನನ್ನ ಸ್ವರ ಕೆಡುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ. ದೀಪಾವಳಿ ಒಂದು ನೆಪವಾಗಿತ್ತು. ಅಮ್ಮನ ಹೃದಯದ ಕವಾಟ ಬಿಗಿದುಕೊಂಡಿದೆ, ಬದಲಾಯಿಸದಿದ್ದರೆ ಯಾವತ್ತು ಬೇಕಾದರೂ ಕುಸಿಯಬಹುದು ಎಂದು ಅಲ್ಲಿಯ ಡಾಕ್ಟರಮ್ಮ ನನಗೆ ಹೇಳಿದಳು. ಇಲ್ಲಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದಿದ್ದಾಳೆ. ಕುಸುಮ್ ಸೋಮವಾರಕ್ಕೆ ಸಮಯವನ್ನೂ ಗೊತ್ತು ಮಾಡಿದ್ದಳು. ಸೇತುವೆ ದಾಟಿಸಲು ನನ್ನಿಂದ ಆಗಲಿಲ್ಲ. ಎಳೆದುಕೊಂಡು ಬರುವುದಾಗಿದ್ದರೆ ಎಳೆದುಕೊಂಡು ಬರುತ್ತಿದ್ದೆ.

ನೀನು ಹೇಳಿದರೆ ಕೇಳಿಯಾಳು.

ಸುರೇನ್ ಕಾಕಾ


ಲಿವರ್‌ಪೂಲ್
9 ನವೆಂಬರ್ 2022

ಆಜಿ,

ಕಾಕಾ ಎಲ್ಲವನ್ನೂ ಬರೆದಿದ್ದಾನೆ. ಅವನನ್ನು ಬೈಯಬೇಡ.

ನಾನು ಏಜೆಂಟನ ಎದುರಿಗೆ ಕೂತು ಮೂರು ಸಲ ಕೇಳಿದೆ. ನೀನು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದರೂ ಸರಿ. ನಿನ್ನ ಮನೆ ಅಲ್ಲಿದ್ದರೆ ಸಾಕು, ನಿನ್ನ ಕಾಲು ಅಲ್ಲೇ ಇರಬೇಕಾಗಿಲ್ಲ. ಯಾರೂ ದಿನ ಎಣಿಸುವುದಿಲ್ಲ. ಪಾಸು ಅನ್ನುವುದೇ ಇಲ್ಲ.

ನಿನಗೇನಾದರೂ ಆದರೆ ನನಗೆ ಈ ಕಾಗದ ಬೇಡ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದಯವಿಟ್ಟು ಬಾ.

ಶೈಲೇಶ್ನಿ


ಗ್ರಿಫಿತ್
20 ನವೆಂಬರ್ 2022

ಶೈಲೂ,

ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ನಾನು ಮಾತ್ರೆ ನುಂಗುವುದನ್ನು ಅವತ್ತೇ ನಿಲ್ಲಿಸುತ್ತೇನೆ. ಬೆದರಿಕೆ ಹಾಕಲು ಬರುವುದು ನಿನಗೊಬ್ಬಳಿಗೇ ಅಲ್ಲ.

ಏಜೆಂಟ್ ಹೇಳಿದ ಅನ್ನುತ್ತೀಯ. ಬಾಯಲ್ಲಿ ಹೇಳಿದನೋ, ಕಾಗದದಲ್ಲಿ ಬರೆದುಕೊಟ್ಟನೋ? ನನ್ನ ಆಜಿಯ ದಳ್ಳಾಳಿಯೂ ಬಾಯಲ್ಲೇ ಹೇಳಿದ್ದು, ಕಲ್ಕತ್ತಾ ದಾಟಿದರೆ ಬಂತು ಅಂತ.

ಪಾಸಿನ ಮಾತು ಬಿಡು, ಅದು ನನ್ನ ಹುಚ್ಚು ಅಂತಲೇ ಇಟ್ಟುಕೋ. ಆದರೆ ಎದೆ ಕೊಯ್ಯುವ ಮೇಜಿನ ಮೇಲೆ ಮಲಗಿದವಳು ಏಳದಿದ್ದರೆ? ಎಂಬತ್ತು ಹತ್ತಿರ ಬಂದಿದೆ. ಎಲ್ಲರೂ ಏಳುವುದಿಲ್ಲ ಅಂತ ಡಾಕ್ಟರಮ್ಮನೇ ಹೇಳಿದಳು. ಕೊಯ್ಯಿಸಿಕೊಳ್ಳದಿದ್ದರೆ ಹೀಗೇ ಹೋಗಬಹುದು, ಕೊಯ್ಯಿಸಿಕೊಂಡರೆ ಹಾಗೆ ಹೋಗಬಹುದು. ಅತ್ತ ದರಿ, ಇತ್ತ ಪುಲಿ. ಯಾವುದರಲ್ಲಿ ಹೆಚ್ಚು ದಿನ ಸಿಗುತ್ತದೋ ಅದನ್ನು ಹಿಡಿದುಕೊಂಡಿದ್ದೇನೆ. ನನಗೆ ಬೇಕಾದದ್ದು ಆಯುಷ್ಯವಲ್ಲ, ನಿನ್ನ ಕಾಗದ ಬರುವ ತನಕದ ದಿನಗಳು.

ಗಂಡ ಸತ್ತಾಗ, ನಿಮ್ಮಪ್ಪ ಸತ್ತಾಗ, ಯಮ ನನ್ನನ್ನೂ ಕರೆದೊಯ್ಯಲಿ ಎಂದು ಬಾಯಿ ಬಡಿದುಕೊಂಡವಳು ನಾನು. ಈಗ ಎಡಗೈ ಜೋಮು ಹಿಡಿದರೆ ಮೂಲೆಯಲ್ಲಿ ಕೂತು ಹತ್ತರವರೆಗೆ ಎಣಿಸುತ್ತೇನೆ. ಮೆಟ್ಟಿಲು ಹತ್ತುವುದಿಲ್ಲ. ನೆಲ ಒರೆಸುವುದಿಲ್ಲ. ರೊಸೀನಾಳೊಡನೆ ಜಗಳವನ್ನೂ ಮೆಲ್ಲನೆ ಆಡುತ್ತೇನೆ. ನನ್ನ ಹೆದರಿಕೆ ನೋಡಿ ನನಗೇ ನಾಚಿಕೆ. ಮೈಯನ್ನು ಕೋಳಿಮೊಟ್ಟೆಯ ಹಾಗೆ ಹೊತ್ತು ತಿರುಗುತ್ತಿದ್ದೇನೆ.

ಕಾಗದ ಬರಲಿ. ಬಂದ ಮರುದಿನ ಎಲ್ಲಿಗೆ ಕರೆದರೆ ಅಲ್ಲಿಗೆ ಬರುತ್ತೇನೆ. ಇದು ಮಾತು.

ಆಜಿ


ಗ್ರಿಫಿತ್
12 ಮಾರ್ಚ್ 2023

ಶೈಲೂ,

ಸಾಲು ಓರೆಯಾಗಿದ್ದರೆ ಕನ್ನಡಕದ ತಪ್ಪು.

ಚೆನ್ನಾಗಿದ್ದೇನೆ. ಟೊಮೇಟೊ ಮುಗಿಯುತ್ತಾ ಬಂತು. ಈ ಸಲ ರೊಸೀನಾಳ ಆರು ಬಾಟಲಿಗೆ ಹಸಿಮೆಣಸು ಹಾಕಿಸಿದ್ದೇನೆ. ಕೂತುಕೊಂಡೇ ಹಾಕಿದೆ.

ಏನಾದರೂ ಸುದ್ದಿ ಬಂತೆ?

ಆಜಿ


ಲಿವರ್‌ಪೂಲ್
3 ಮೇ 2023

ಆಜಿ! ಆಜಿ!

ಬಂತು. ಫೋನಿನಲ್ಲಿ ಕಿರುಚಿದ್ದು ನಿನಗೆಷ್ಟು ಕೇಳಿಸಿತೋ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಹನ್ನೊಂದಕ್ಕೆ ವೀಸಾ ಬಂತು. ಹೆಲ್ಮೆಟ್ಟಿನ ಗಾಜು ಎತ್ತಿ ಓದಿದೆ, ಇಳಿಸಿದೆ, ಮತ್ತೆ ಎತ್ತಿ ಓದಿದೆ. ಆಮೇಲೆ ಇಳಿಸಿಕೊಂಡು ಒಳಗೇ ಅತ್ತೆ. ಯಜಮಾನ ಬಂದು ಹೆಲ್ಮೆಟ್ಟಿನ ಮೇಲೆ ಕುಟುಕುಟು ಬಡಿದು "ಒಳಗಡೆ ಯಾರಾದ್ರೂ ಇದೀರಾ?" ಅಂದ.

ನಿಮ್ಮ ಊರಿನಲ್ಲಿ ವೈನ್ ತುಂಬುವ ಉಕ್ಕಿನ ಟ್ಯಾಂಕಿ ಮಾಡುವ ವರ್ಕ್‌ಶಾಪಿನವರು ನನ್ನನ್ನು ತೆಗೆದುಕೊಳ್ಳುತ್ತಾರಂತೆ. ಜೂನ್ ಮೊದಲ ವಾರ ಬರುತ್ತೇನೆ.

ಈಗ ನೀನು ಮಾತು ಉಳಿಸಿಕೊಳ್ಳಬೇಕು. ಕಾಕಾ ಆಸ್ಪತ್ರೆಯವರನ್ನು ಕೇಳುತ್ತಿದ್ದಾನೆ.

ನಿನ್ನ ಶೈಲೂ


ಗ್ರಿಫಿತ್
4 ಜೂನ್ 2023

ಆಜಿ,

ನಿನ್ನ ಕೋಣೆಯಲ್ಲಿ, ನಿನ್ನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಶುಕ್ರವಾರ ರಾತ್ರಿ ಕಾಕಾ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ, ಅದೇ ರಾತ್ರಿಯ ಬಸ್ಸು ಹತ್ತಿದ್ದ ನಾನು ಶನಿವಾರ ಇಲ್ಲಿಗೆ ಬಂದು ಇಳಿದೆ. ನೀನಿರುವಲ್ಲಿಗೆ ಬರುತ್ತೇನೆ ಅಂದಿದ್ದೆ, ಬಂದಾಗ ನೀನೇ ಇಲ್ಲ. ಸೇತುವೆ ದಾಟುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆಯಂತೆ.

ಅನ್ನ ಮಾಡೋಣ ಎಂದು ಅಕ್ಕಿ ಡಬ್ಬಿಗೆ ಕೈ ಹಾಕಿದೆ. ಅದರೊಳಗೆ ಡಾಕ್ಟರಮ್ಮನ ಚೀಟಿ ಒಂದಲ್ಲ, ಮೂರು. ಅಕ್ಟೋಬರಿನದು, ಜನವರಿಯದು, ಮಾರ್ಚಿನದು. ಮಾರ್ಚಿನದರ ಮೇಲೆ ಕೆಂಪು ಅಕ್ಷರದಲ್ಲಿ "ತುರ್ತು" ಎಂದಿದೆ. ಮೆಣಸು ಹಾಕಿದ ಆರು ಬಾಟಲಿಯ ಸುದ್ದಿ ನೀನು ಬರೆದದ್ದು ಅದರ ಮರುದಿನ. ಮಾರ್ಚಿನಲ್ಲಿ ನೀನು ಅಂಗಳದಲ್ಲಿ ಬಿದ್ದೆಯಂತೆ. ರೊಸೀನಾ ಆಂಬ್ಯುಲೆನ್ಸಿಗೆ ಫೋನ್ ಮಾಡಿದರೆ, ಬಿದ್ದಲ್ಲಿಂದಲೇ "ಊರಾಚೆ ಕರ್ಕೊಂಡು ಹೋಗ್ಬೇಡಿ" ಅಂದೆಯಂತೆ. ಅವಳು ಕೈಸನ್ನೆಯಲ್ಲಿ ಮಾಡಿ ತೋರಿಸಿದಳು. ಆಮೇಲೆ ಇಬ್ಬರೂ ಅನ್ನ ತಿನ್ನಲಿಲ್ಲ.

ಇಪ್ಪತ್ತನೆಯ ತಾರೀಖು ಆಪರೇಷನ್. ನಾನು ಅಲ್ಲಿರಬೇಕು. ಹೊಸ ಯಜಮಾನ "ಹೋಗ್ಬಾ ಮಾರಾಯ್ತಿ" ಅಂದಿದ್ದಾನೆ. ಇವತ್ತು ಟಿಕೆಟ್ ಮಾಡಿಸೋಣ ಎಂದು ಬಸ್ ನಿಲ್ದಾಣಕ್ಕೆ ಹೋದೆ. ಸಿಡ್ನಿಯ ಬಸ್ಸು ಅಲ್ಲೇ ನಿಂತಿತ್ತು. ಅದನ್ನು ನೋಡುತ್ತಲೇ ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು.

ಕಾಗದವನ್ನು ಹತ್ತು ಸಲ ಓದಿದ್ದೇನೆ ಆಜಿ. ಸಣ್ಣ ಊರಿನಲ್ಲೇ ವಾಸಿಸಬೇಕು, ಅಲ್ಲೇ ದುಡಿಯಬೇಕು, ಅಲ್ಲೇ ಓದಬೇಕು ಎಂದಿದೆ. ಆಸ್ಪತ್ರೆಯಲ್ಲಿ ಆಜಿಯ ಕೈ ಹಿಡಿದು ಕೂರಬಾರದು ಎಂದಿಲ್ಲ. ನಿನಗೆ ನಾನೇ ಬರೆದಿದ್ದೆ, ಹೋಗಿ ಬರಬಹುದು, ಯಾರೂ ದಿನ ಎಣಿಸುವುದಿಲ್ಲ ಅಂತ. ಗೊತ್ತು. ಎಲ್ಲ ಗೊತ್ತು. ಆದರೆ ಮೂರು ವರ್ಷದ ಮೊದಲನೆಯ ತಿಂಗಳಲ್ಲೇ ಸಿಡ್ನಿಯ ಬೀದಿಯಲ್ಲಿ ಯಾರಾದರೂ ನನ್ನನ್ನು ನೋಡಿ, ಇವಳು ಇಲ್ಲೇ ಇದ್ದಾಳೆ ಎಂದು ಬರೆದು ಹಾಕಿದರೆ? ನೀನು ಪ್ರಾಣ ಒತ್ತೆಯಿಟ್ಟು ತಂದುಕೊಟ್ಟದ್ದು ನನ್ನಿಂದಲೇ ಹಾಳಾದರೆ?

ಬಸ್ಸು ಹೊರಟುಹೋಯಿತು. ಟಿಕೆಟ್ ಮಾಡಿಸದೆ ವಾಪಸು ಬಂದೆ.

ಏನು ಮಾಡಲಿ ಹೇಳು.

ಶೈಲೂ


ಸಿಡ್ನಿ, ಆಸ್ಪತ್ರೆ
9 ಜೂನ್ 2023

ಮಂಕೇ,

ಏನು ಮಾಡಲಿ ಅಂತ ಕೇಳುತ್ತೀಯಾ? ಮೊದಲು ಆ ಅಕ್ಕಿ ಬೇಯಿಸಿ ತಿನ್ನು. ರೊಸೀನಾಳಿಗೂ ಹಾಕು. ಚೀಟಿಗಳನ್ನು ಒಲೆಗೆ ಹಾಕು.

ನಿನ್ನ ಪತ್ರ ಓದಿ ನರ್ಸಮ್ಮ ಓಡಿ ಬರುವಷ್ಟು ನನ್ನ ಎದೆ ಬಡಿದುಕೊಂಡಿತು. ಇವಳ ಕಾಲು ಯಾಕೆ ಅಂಟಿತು ಅಂತ ಯೋಚಿಸಿದೆ. ಇಲ್ಲಿ ಯೋಚಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಅಡುಗೆಗೂ ಉಪ್ಪಿಲ್ಲ. ಆ ಹೆದರಿಕೆ ನಿನ್ನದಲ್ಲ ಮಗಳೇ. ನನ್ನದೂ ಅಲ್ಲ. ಅದು ನನ್ನ ಆಜಿ ಜನಕಿಯಾಳದು. ಅವಳು ನನಗೆ ಕೊಟ್ಟಳು, ನಾನು ಒಂದು ವರ್ಷ ಅದಕ್ಕೆ ಅನ್ನ ನೀರು ಹಾಕಿ ಬೆಳೆಸಿ, ಮಂಚದ ಜೊತೆಗೆ ನಿನಗೆ ಬಿಟ್ಟುಬಂದೆ. ನಾನು ತಪ್ಪು ಮಾಡಿದೆ. ಈ ಮಾತನ್ನು ನಾನು ಬರೆದದ್ದು ಇದೇ ಮೊದಲು, ಕುಸುಮಳಿಗೆ ತೋರಿಸಬೇಡ.

ಅವಳ ಪಾಸಿನ ಕತೆ ಪೂರ್ತಿ ಹೇಳಿರಲಿಲ್ಲ. ಅವಳು ಸತ್ತಾಗ ಮೈ ತೊಳೆಯುವ ಹೆಂಗಸರು ಕುಪ್ಪಸದೊಳಗಿಂದ ಆ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಜೋಡಿಸಿ ನೋಡಿದೆ. ಮೀನಿನ ಡಬ್ಬಿಯ ಲೇಬಲ್ಲು. ಓದಲು ಬಾರದವಳಿಗೆ ಯಾವ ಕಾಗದವಾದರೇನು? ನಲವತ್ತು ವರ್ಷ ಯಾರೂ ಕೇಳದ ಪಾಸನ್ನು ಎದೆಯಲ್ಲಿಟ್ಟುಕೊಂಡು ಸೇತುವೆ ದಾಟಿದಳು. ಆದರೆ ದಾಟಿದಳಲ್ಲ! ಅಂಗಡಿಗೆ ಹೋದಳು, ಹೆರಿಗೆಗೆ ಹೋದಳು, ಸಾವಿಗೆ ಹೋದಳು. ಹೆದರಿಕೊಂಡೇ ಹೋದಳು. ನಾನು ಅವಳಿಂದ ಹೆದರಿಕೆ ಕಲಿತೆ, ದಾಟುವುದು ಕಲಿಯಲಿಲ್ಲ.

ನನಗೂ ಹೆದರಿಕೆ ಇದೆ. ಇಪ್ಪತ್ತನೆಯ ತಾರೀಖಿನ ಹೆದರಿಕೆ. ಈಗ ನಾನು ಸತ್ತರೂ ನಿನ್ನ ಕಾಗದಕ್ಕೆ ಏನೂ ಆಗುವುದಿಲ್ಲವಂತೆ, ಸುರೇನ್ ಓದಿ ಹೇಳಿದ. ಅಷ್ಟಾದ ಮೇಲೂ ಹೆದರಿಕೆ ಹೋಗಲಿಲ್ಲ. ಹಾಗಾದರೆ ಇದು ನಿನಗಾಗಿ ಅಲ್ಲ, ಇದು ಪೂರಾ ನನ್ನದು. ಮೇಜಿನ ಮೇಲೆ ಮಲಗುವ ಮುಂಚೆ ಯಾರಾದರೂ ನನ್ನ ಕೈ ಹಿಡಿದುಕೊಳ್ಳಬೇಕು. ಲೈಬ್ರರಿಯಲ್ಲಿ ಯಾರಿಗೂ ಕೊಡದ ಕೈ. ಸುರೇನ್ ಹಿಡಿದರೆ ಅವನೇ ಅಳುತ್ತಾನೆ.

ಕೆಳಗೆ ಬರೆದದ್ದನ್ನು ಕತ್ತರಿಸಿ ಕುಪ್ಪಸದೊಳಗೆ ಇಟ್ಟುಕೋ. ಹೋಗುವಾಗಲೂ ಬೇಕು, ಬರುವಾಗಲೂ ಬೇಕು, ಕಳೆಯಬೇಡ. ಸೇತುವೆಯ ಹತ್ತಿರ ಕಾಲು ನಡುಗಿದರೆ ಒಮ್ಮೆ ಮುಟ್ಟಿ ನೋಡಿಕೋ. ಯಾರಾದರೂ ನಿಲ್ಲಿಸಿ ಕೇಳಿದರೆ ತೋರಿಸು. ಯಾರೂ ಕೇಳುವುದಿಲ್ಲ.

---

ಪಾಸು

ಇವಳು ಶೈಲೇಶ್ನಿ. ಗ್ರಿಫಿತ್ ಇವಳ ಊರು. ಆಜಿಯನ್ನು ನೋಡಲು ಸಿಡ್ನಿಗೆ ಹೋಗುತ್ತಿದ್ದಾಳೆ, ನೋಡಿ ತನ್ನ ಊರಿಗೆ ಹಿಂದಿರುಗುತ್ತಾಳೆ. ತಡೆಯಬೇಡಿ.

ಫೂಲ್ಮತಿ
ಸ್ವಂತ ಕೈಯಿಂದ